ದೀಪಾವಳಿಯಿಂದ ಶಿವರಾತ್ರಿಯವರೆಗೆ: ಉತ್ತರ ಕನ್ನಡದ ಮನೆಗಳಲ್ಲಿ ವಸಂತದ ಗೆಡ್ಡೆ ಹೂಗಳನ್ನು ಅರಳಿಸುವ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ತಿಂಗಳಲ್ಲಿ ಕೊಂಡು ತಂದ ಟುಲಿಪ್ ಗೆಡ್ಡೆಯೊಂದನ್ನು ಹರಿತವಾದ ಚಾಕುವಿನಿಂದ ತುದಿಯಿಂದ ಬುಡದವರೆಗೆ ಸೀಳಿ ನೋಡಿದರೆ, ದಪ್ಪನೆಯ ಬಿಳಿ ಪದರಗಳ ನಡುವೆ ತಿಳಿ ಹಳದಿ ಬಣ್ಣದ ಪುಟ್ಟ ಮೊಳಕೆಯೊಂದು ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಅದರೊಳಗೆ ಒತ್ತೊತ್ತಾಗಿ ಮಡಿಸಿದ ಎಲೆಗಳೂ, ಎಲೆಗಳ ನಡುವೆ ಆರು ಎಸಳು, ಆರು ಕೇಸರಗಳಿರುವ ಪೂರ್ಣ ಹೂವಿನ ಆಕಾರವೂ ತೋರುತ್ತವೆ. ಹಿಂದಿನ ವಸಂತದಲ್ಲಿ ಎಲೆಗಳು ಕೂಡಿಟ್ಟ ಆಹಾರದ ಬಲದಿಂದ, ಗೆಡ್ಡೆ ಬೇಸಿಗೆಯಲ್ಲಿ ಒಣಗಿ ಮಲಗಿದ್ದಾಗಲೇ ಆ ಹೂವು ರೂಪುಗೊಂಡಿರುತ್ತದೆ. ಆದ್ದರಿಂದ ಬೆಳೆಸುವವರ ಪಾಲಿಗೆ ಹೂವನ್ನು ಹುಟ್ಟಿಸುವ ಹೊಣೆ ಇಲ್ಲ. ಒಳಗಿರುವ ಹೂವಿನ ದಂಟು ನೀಳವಾಗಲು ಬೇಕಾದಷ್ಟು ಚಳಿ ಕೊಟ್ಟು, ಅದು ಅರಳುವ ತನಕ ಸೆಕೆ, ಕೊಳೆ ಮತ್ತು ಹಣ್ಣಿನ ಅನಿಲಗಳಿಂದ ಅದನ್ನು ಕಾಯುವುದಷ್ಟೇ ನಮ್ಮ ಕೆಲಸ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದೆ ಹೇಳುವ ಪ್ರತಿಯೊಂದು ಹಂತದ ಕಾರಣವೂ ತಾನಾಗಿ ತಿಳಿಯುತ್ತದೆ.

ಟುಲಿಪ್ ಮೂಲತಃ ಮಧ್ಯ ಏಷ್ಯಾದ ಬೆಟ್ಟಸೀಮೆಯ ಸಸ್ಯ. ಅಲ್ಲಿನ ದೀರ್ಘ ಚಳಿಗಾಲದಲ್ಲಿ ಹಿಮದಡಿ ಕಳೆದ ವಾರಗಳಲ್ಲಿ ಗೆಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ದಂಟನ್ನು ಉದ್ದವಾಗಿಸುವ ಹಾರ್ಮೋನುಗಳ ಕೆಲಸಕ್ಕೆ ಸಿದ್ಧತೆ ನಡೆಯುತ್ತದೆ. ಈ ಚಳಿ ಸಿಗದ ಗೆಡ್ಡೆ ಎಲೆಯನ್ನಷ್ಟೇ ಬಿಡುತ್ತದೆ, ಇಲ್ಲವೇ ಎಲೆಗಳ ಬುಡದಲ್ಲೇ ಕುಳ್ಳಗೆ ಅರಳಿ ಬಾಡುತ್ತದೆ. ಅದಕ್ಕೆ ಬೇಕಾದದ್ದು 2ರಿಂದ 9 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಾಗಿಯ ರಾತ್ರಿಗಳು ಕಂಬಳಿ ಹೊದೆಯುವಷ್ಟು ತಣ್ಣಗಿದ್ದರೂ ಆ ಮಟ್ಟಕ್ಕೆ ಇಳಿಯುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳ ಮಾತನ್ನಂತೂ ಆಡುವಂತೆಯೇ ಇಲ್ಲ. ಹಾಗಾಗಿ ನಮ್ಮಲ್ಲಿ ಚಳಿಗಾಲವನ್ನು ಅಡುಗೆಮನೆಯ ಫ್ರಿಜ್ಜಿನಲ್ಲಿಯೇ ಮಾಡಿಕೊಳ್ಳಬೇಕು. ಮಾಗಿಯ ತಂಪು ನಮಗೆ ಉಪಯೋಗಕ್ಕೆ ಬರುವುದು ಆಮೇಲೆ, ಫ್ರಿಜ್ಜಿನಿಂದ ಹೊರಬಂದ ಗಿಡ ಹೂ ಬಿಡುವ ವಾರಗಳಲ್ಲಿ.

ಯಾವ ಊರಿಗೆ ಯಾವ ಗೆಡ್ಡೆ

ವಸಂತದ ಗೆಡ್ಡೆ ಹೂಗಳಲ್ಲಿ ಎರಡು ಪಂಗಡಗಳಿವೆ. ಟುಲಿಪ್, ಹಯಸಿಂತ್, ಡ್ಯಾಫೋಡಿಲ್, ಕ್ರೋಕಸ್, ಮಸ್ಕಾರಿ ಇವೆಲ್ಲ ಚಳಿಯನ್ನು ಬೇಡುವವು. ಗೊಂಚಲು ಗೊಂಚಲಾಗಿ ಬಿಳಿ ಹೂ ಬಿಡುವ ಪೇಪರ್‌ವೈಟ್ ನಾರ್ಸಿಸಸ್ ಮತ್ತು ದಕ್ಷಿಣ ಅಮೆರಿಕದಿಂದ ಬಂದ ಅಮರಿಲ್ಲಿಸ್ ಚಳಿ ಬೇಡದವು. ಅಂಗಡಿಗಳಲ್ಲಿ ಅಮರಿಲ್ಲಿಸ್ ಎಂದು ಮಾರುವ ದೊಡ್ಡ ತುತ್ತೂರಿಯಾಕಾರದ ಹೂವಿನ ಗಿಡದ ಸಸ್ಯಶಾಸ್ತ್ರೀಯ ಹೆಸರು ಹಿಪ್ಪಿಯಾಸ್ಟ್ರಮ್. ನಮ್ಮ ಹಿತ್ತಿಲುಗಳಲ್ಲಿ ಬೇಸಿಗೆಯ ಹೊತ್ತಿಗೆ ಕೆಂಪಗೆ ಅರಳುವ ಹಳೆಯ ಲಿಲ್ಲಿಯೂ ಅದೇ ಕುಲದ್ದು.

ಕರಾವಳಿಯಲ್ಲಿ ಇರುವವರು ಮೊದಲ ವರ್ಷ ಟುಲಿಪ್‌ಗೆ ಕೈ ಹಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಫ್ರಿಜ್ಜಿನಲ್ಲಿ ಎಷ್ಟೇ ಸರಿಯಾಗಿ ಚಳಿ ಕೊಟ್ಟರೂ ಹೊರಗೆ ತೆಗೆದ ಮೇಲೆ 30 ಡಿಗ್ರಿ ದಾಟುವ ಹಗಲಿನಲ್ಲಿ ಅದರ ಮೊಗ್ಗು ಬಣ್ಣ ತಳೆಯುವ ಮೊದಲೇ ಒಣಗುವ ಸಂಭವ ಹೆಚ್ಚು. ಹವಾನಿಯಂತ್ರಣ ಇರುವ ಕೋಣೆಯುಳ್ಳವರು ಪ್ರಯತ್ನಿಸಬಹುದು. ಉಳಿದವರಿಗೆ ಅಮರಿಲ್ಲಿಸ್ ಮತ್ತು ಪೇಪರ್‌ವೈಟ್ ಖಂಡಿತವಾಗಿ ಕೈಗೂಡುವ ಹೂಗಳು. ಹಯಸಿಂತ್ ಸ್ವಲ್ಪ ಎಚ್ಚರದಿಂದ ಆಗಬಹುದಾದದ್ದು. ಘಟ್ಟದ ಮೇಲೆ, ಅದರಲ್ಲೂ ಹೆಂಚಿನ ಮಾಡು, ದಪ್ಪ ಗೋಡೆ, ತಣ್ಣನೆಯ ನೆಲ ಇರುವ ಹಳೆಯ ಮನೆಗಳಲ್ಲಿ ಟುಲಿಪ್, ಹಯಸಿಂತ್ ಮತ್ತು ಟೆಟ್-ಎ-ಟೆಟ್ ಎಂಬ ಗಿಡ್ಡ ಡ್ಯಾಫೋಡಿಲ್ ತಳಿಗಳನ್ನು ಧೈರ್ಯವಾಗಿ ಬೆಳೆಸಬಹುದು. ಕ್ರೋಕಸ್ ಮತ್ತು ಮಸ್ಕಾರಿ ಪುಟ್ಟ ಹೂಗಳು. ನಮ್ಮ ಸೆಕೆಗೆ ಅವು ನಿಲ್ಲುವ ಅವಧಿ ತೀರ ಕಡಿಮೆ. ಫ್ರಿಜ್ಜಿನ ಜಾಗವನ್ನು ಅವುಗಳಿಗೆ ಕೊಡುವುದಕ್ಕಿಂತ ಇನ್ನೊಂದು ಹಯಸಿಂತ್ ಇಡುವುದು ಮೇಲು.

ಕೊಳ್ಳುವಾಗ ನೋಡಬೇಕಾದದ್ದು

ಗೆಡ್ಡೆಯ ಗಾತ್ರವನ್ನು ಅದರ ಸುತ್ತಳತೆಯಲ್ಲಿ ಹೇಳುವುದು ರೂಢಿ. ಟುಲಿಪ್‌ಗೆ 12 ಸೆಂಟಿಮೀಟರ್, ಹಯಸಿಂತ್‌ಗೆ 16ರಿಂದ 18, ಅಮರಿಲ್ಲಿಸ್‌ಗೆ 26 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯದು. ಹೂವು ಅರಳುವುದು ಗೆಡ್ಡೆಯಲ್ಲಿ ಕೂಡಿಟ್ಟ ಆಹಾರದಿಂದಲೇ ಆದ್ದರಿಂದ ಇಲ್ಲಿ ಉಳಿತಾಯ ಮಾಡಿದರೆ ಆ ನಷ್ಟವನ್ನು ಮುಂದೆ ಯಾವ ಗೊಬ್ಬರವೂ ತುಂಬಿಕೊಡುವುದಿಲ್ಲ. ಕೈಯಲ್ಲಿ ಹಿಡಿದಾಗ ಗೆಡ್ಡೆ ಗಾತ್ರಕ್ಕೆ ತಕ್ಕ ಭಾರವಿರಬೇಕು, ಬುಡದ ತಟ್ಟೆಯಂಥ ಭಾಗ ಗಟ್ಟಿಯಾಗಿರಬೇಕು. ಹೊರಗಿನ ಕಂದು ಸಿಪ್ಪೆ ಬಿಟ್ಟುಕೊಂಡಿದ್ದರೆ ತೊಂದರೆಯಿಲ್ಲ. ಸಿಪ್ಪೆಯ ಮೇಲೆ ಅಲ್ಲಲ್ಲಿ ನೀಲಿ ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬುಡ ಮೆತ್ತಗಾಗಿದ್ದರೆ ಮಾತ್ರ ಕೊಳ್ಳಬೇಡಿ.

ಹಯಸಿಂತ್ ಗೆಡ್ಡೆಗಳಲ್ಲಿ ಮೊದಲೇ ಉಷ್ಣಾಂಶದ ಸಂಸ್ಕಾರ ಕೊಟ್ಟ ಗೆಡ್ಡೆಗಳು ಬೇರೆಯಾಗಿ ಸಿಗುತ್ತವೆ. ಅವು ಬೇಗ ಹೂ ಬಿಡುವಂತೆ ಬೇಸಿಗೆಯಲ್ಲಿಯೇ ನಿಯಂತ್ರಿತ ಬಿಸಿಯಲ್ಲಿ ಇರಿಸಿದವು. ಅವುಗಳಿಗೆ ಎಂಟರಿಂದ ಹತ್ತು ವಾರಗಳ ಚಳಿ ಸಾಕು. ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಟುಲಿಪ್‌ನಲ್ಲಿ ದಂಟು ಗಿಡ್ಡವಾಗಿರುವ, ಬೇಗ ಅರಳುವ ತಳಿಗಳನ್ನು ಆರಿಸಬೇಕು. ಆಪ್ರಿಕಾಟ್ ಬ್ಯೂಟಿ, ಕ್ರಿಸ್‌ಮಸ್ ಮಾರ್ವೆಲ್ ಇಂಥವು. ಹಯಸಿಂತ್‌ನಲ್ಲಿ ಡೆಲ್ಫ್ಟ್ ಬ್ಲೂ, ಪಿಂಕ್ ಪರ್ಲ್, ಬಿಳಿಯ ಕಾರ್ನೆಗಿ ನಂಬಿಕೆಯವು. ವಿದೇಶದಿಂದ ಬರುವ ನೆಂಟರ ಚೀಲದಲ್ಲಿ ಗೆಡ್ಡೆ ತರಿಸುವ ಆಸೆ ಹಲವರಿಗೆ ಇರುತ್ತದೆ. 2003ರ ಸಸ್ಯ ಸಂಗರೋಧ ಆದೇಶದಂತೆ ಅದಕ್ಕೆ ಅನುಮತಿ ಪತ್ರವೂ ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ನಮ್ಮ ಅಡಿಕೆ, ಏಲಕ್ಕಿ, ಕಾಳುಮೆಣಸಿನ ತೋಟಗಳ ನಡುವೆ ಹೊಸ ರೋಗವೊಂದನ್ನು ತಂದು ಬಿಡದಿರುವ ಹೊಣೆ ನಮ್ಮ ಮೇಲೂ ಇದೆ. ಆಮದುದಾರರಿಂದ ತರಿಸುವ ನರ್ಸರಿಗಳಿಂದಲೇ ಕೊಳ್ಳುವುದು ಸರಿ.

ದಿನಗಳ ಲೆಕ್ಕ

ಗೆಡ್ಡೆ ಹೂಗಳ ವಿಷಯದಲ್ಲಿ ಹೂವು ಬೇಕಾದ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತ ಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಈ ಹೂಗಳಿಗೂ ಅದೇ ಕೊನೆಯ ಗಡು. ಅದಕ್ಕೂ ತಡವಾದರೆ ಘಟ್ಟದ ಮೇಲೆಯೂ ಸೆಕೆ ಏರುತ್ತದೆ. ದೀಪಾವಳಿಯ ಅಮಾವಾಸ್ಯೆಯಿಂದ ಮಾಘ ಬಹುಳ ಚತುರ್ದಶಿಯವರೆಗೆ ನಾಲ್ಕು ಚಾಂದ್ರಮಾಸಗಳು, ಅಂದರೆ ಸುಮಾರು 117 ದಿನಗಳು, ಹದಿನಾರೂವರೆ ವಾರಗಳಿಗೆ ತುಸು ಹೆಚ್ಚು. 2025ರ ಅಕ್ಟೋಬರ್ 21ರ ಅಮಾವಾಸ್ಯೆಯಿಂದ 2026ರ ಫೆಬ್ರವರಿ 15ರ ಶಿವರಾತ್ರಿಯವರೆಗೆ ಎಣಿಸಿ ನೋಡಿದರೆ ಸರಿಯಾಗಿ ಅಷ್ಟೇ ದಿನಗಳು ಸಿಗುತ್ತವೆ. ಟುಲಿಪ್‌ಗೆ ಹದಿನಾಲ್ಕು ವಾರಗಳ ಚಳಿ, ಆಮೇಲೆ ಹೂ ಬರಲು ಎರಡೂವರೆ ಮೂರು ವಾರ ಬೇಕು. ಎರಡನ್ನೂ ಕೂಡಿದರೆ ಈ ಅವಧಿಗೆ ಹೊಂದುತ್ತದೆ. ಹಾಗಾಗಿ ಟುಲಿಪ್ ಮತ್ತು ಡ್ಯಾಫೋಡಿಲ್ ಗೆಡ್ಡೆಗಳು ದೀಪಾವಳಿಯ ದಿನ ಫ್ರಿಜ್ಜಿನೊಳಗೆ ಇರಬೇಕು. ಸಾಧಾರಣ ಹಯಸಿಂತ್‌ಗೆ ಹನ್ನೆರಡು ವಾರಗಳ ಚಳಿ ಸಾಕಾದ್ದರಿಂದ ಹನ್ನೆರಡು ದಿನ ತಡೆದು, ತುಳಸಿ ಪೂಜೆಯ ದಿನ ಅದನ್ನು ಒಳಗಿಡಬಹುದು. ಸಂಸ್ಕರಿಸಿದ ಹಯಸಿಂತ್ ಅದಕ್ಕಿಂತಲೂ ಎರಡು ವಾರ ತಡವಾದರೂ ನಡೆಯುತ್ತದೆ. ಅಮರಿಲ್ಲಿಸ್‌ಗೆ ಶಿವರಾತ್ರಿಯಿಂದ ಏಳು ವಾರ ಹಿಂದಕ್ಕೆ, ಪೇಪರ್‌ವೈಟ್‌ಗೆ ನಾಲ್ಕೈದು ವಾರ ಹಿಂದಕ್ಕೆ ಎಣಿಸಿ ನೆಡಬೇಕು.

ದೀಪಾವಳಿ ನವೆಂಬರ್ ಎರಡನೆಯ ವಾರಕ್ಕೆ ಬೀಳುವ ವರ್ಷಗಳಲ್ಲಿ ಶಿವರಾತ್ರಿ ಮಾರ್ಚಿಗೆ ಹೋಗುತ್ತದೆ. ಅಂಥ ವರ್ಷ ಈ ಲೆಕ್ಕವನ್ನೇ ಹಿಡಿದು ಕೂರದೆ ವಿಜಯದಶಮಿಯ ಹೊತ್ತಿಗೇ ಗೆಡ್ಡೆಗಳನ್ನು ಒಳಗಿಟ್ಟು ಫೆಬ್ರವರಿ ಮಧ್ಯದಲ್ಲಿ ಹೂ ಬರುವಂತೆ ನೋಡಿಕೊಳ್ಳಬೇಕು. ಗೆಡ್ಡೆ ಕೈಸೇರುವುದು ತಡವಾಯಿತೆಂದು ಚಳಿಯ ವಾರಗಳನ್ನು ಕಡಿಮೆ ಮಾಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಚಳಿ ಒಂದು ವಾರ ಹೆಚ್ಚಾದರೆ ಗಿಡಕ್ಕೆ ಕೇಡಿಲ್ಲ. ಮೂರು ವಾರ ಕಡಿಮೆಯಾದರೆ ಹೂವೇ ಇಲ್ಲ.

ಫ್ರಿಜ್ಜಿನಲ್ಲಿ ಚಳಿಗಾಲ

ಗೆಡ್ಡೆಗಳನ್ನು ಕಾಗದದ ಚೀಲದಲ್ಲೋ ಹತ್ತಿಬಟ್ಟೆಯ ಚೀಲದಲ್ಲೋ ಹಾಕಿ, ಚೀಲಕ್ಕೆ ನಾಲ್ಕಾರು ತೂತು ಮಾಡಿ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರು ಕೂತು ಗೆಡ್ಡೆ ಕೊಳೆಯುತ್ತದೆ. ಸಣ್ಣ ಉಷ್ಣಮಾಪಕವೊಂದನ್ನು ಎರಡು ದಿನ ಅದೇ ಜಾಗದಲ್ಲಿಟ್ಟು, ಅಲ್ಲಿನ ಉಷ್ಣಾಂಶ 4ರಿಂದ 8 ಡಿಗ್ರಿಯ ನಡುವೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಂಜು ಕಟ್ಟುವ ಹಳೆಯ ಮಾದರಿಯ ಫ್ರಿಜ್ಜುಗಳಲ್ಲಿ ಹಿಂಭಾಗದ ಗೋಡೆಗೆ ತಾಗಿದ ವಸ್ತು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಗೆಡ್ಡೆ ಕರಗಿದ ಮೇಲೆ ನೀರಾಗುತ್ತದೆ. ಆದ್ದರಿಂದ ಚೀಲವನ್ನು ಮುಂದಕ್ಕೆ ಸರಿಸಿಡಬೇಕು, ಫ್ರೀಜರಿನಲ್ಲಂತೂ ಇಡಲೇಬಾರದು.

ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹೂವಿನ ಹೆಸರು, ಒಳಗಿಟ್ಟ ದಿನಾಂಕ ಮತ್ತು ‘ತಿನ್ನಬಾರದು’ ಎಂದು ಬರೆಯುವುದು ಔಪಚಾರಿಕತೆಯಲ್ಲ. ಡ್ಯಾಫೋಡಿಲ್ ಗೆಡ್ಡೆ ನೋಡಲು ಈರುಳ್ಳಿಯಂತೆಯೇ ಇರುತ್ತದೆ. ಅದರಲ್ಲಿರುವ ಲೈಕೋರಿನ್ ಎಂಬ ವಿಷವಸ್ತು ತೀವ್ರ ವಾಂತಿ ಬರಿಸುತ್ತದೆ. ಕೂಡುಕುಟುಂಬದ ಮನೆಗಳಲ್ಲಿ, ಹಬ್ಬಕ್ಕೆ ಬಂದ ನೆಂಟರು ಅಡುಗೆಗೆ ಕೈಜೋಡಿಸುವ ದಿನಗಳಲ್ಲಿ, ಈ ಎಚ್ಚರ ಬಹಳ ಮುಖ್ಯ. ಸಾಧ್ಯವಾದರೆ ಮುಚ್ಚಳಕ್ಕೆ ತೂತುಗಳಿರುವ ಬೇರೆಯೇ ಡಬ್ಬಿಯೊಂದರಲ್ಲಿ ಆ ಚೀಲಗಳನ್ನು ಇಟ್ಟುಬಿಡಿ.

ಇನ್ನು ಹಣ್ಣಿನ ವಿಷಯ. ಸೇಬು, ಚಿಕ್ಕು, ಪಪ್ಪಾಯಿ, ಪೇರಲ, ಬಾಳೆ ಹಣ್ಣಾಗುವಾಗ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಈ ಅನಿಲ ತೀರ ಅಲ್ಪ ಪ್ರಮಾಣದಲ್ಲಿದ್ದರೂ ಗೆಡ್ಡೆಯೊಳಗಿನ ಹೂಮೊಗ್ಗು ಸಾಯುತ್ತದೆ, ಅದರಲ್ಲೂ ಟುಲಿಪ್‌ನದು. ಗೆಡ್ಡೆ ಹೊರನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ, ಎಲೆಯೂ ಚೆನ್ನಾಗಿ ಬರುತ್ತದೆ. ಮೊಗ್ಗು ಮಾತ್ರ ಒಣಗಿದ ಕಾಗದದಂತೆ ಎಲೆಯ ನಡುವೆ ಸಿಕ್ಕಿಕೊಂಡಿರುತ್ತದೆ. ಮೂರು ತಿಂಗಳ ಕಾಯುವಿಕೆ ಹೀಗೆ ಕೈಬಿಡುವುದನ್ನು ನೋಡುವುದಕ್ಕಿಂತ, ಅಷ್ಟು ದಿನ ಹಣ್ಣುಗಳನ್ನು ಹೊರಗೇ ಇಟ್ಟುಕೊಳ್ಳುವುದು ಲೇಸು. ಅನಿವಾರ್ಯವಾದರೆ ಗಾಳಿಯಾಡದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಣ್ಣನ್ನಿಟ್ಟು ಬೇರೆ ಅಂತಸ್ತಿನಲ್ಲಿಡಿ. ಸೊಪ್ಪು, ಬೀನ್ಸ್, ಮೂಲಂಗಿ, ಆಲೂಗಡ್ಡೆಗಳಿಂದ ಅಂಥ ಭಯವಿಲ್ಲ.

ಹತ್ತು ದಿನಕ್ಕೊಮ್ಮೆ ಚೀಲ ತೆರೆದು, ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾದದ್ದನ್ನು ತೆಗೆದುಹಾಕಬೇಕು. ವಿದ್ಯುತ್ ನಾಲ್ಕಾರು ಗಂಟೆ ಹೋದರೆ ಬಾಗಿಲು ತೆರೆಯದೆ ಇದ್ದರೆ ಸಾಕು. ಮರ ಬಿದ್ದು ತಂತಿ ಹರಿದು ಒಂದೆರಡು ದಿನ ಕರೆಂಟು ಬಾರದೇ ಹೋದರೆ ಆ ದಿನಗಳನ್ನು ಕೊನೆಗೆ ಸೇರಿಸಿಕೊಳ್ಳಿ.

ಕುಂಡದಲ್ಲಿ ನೆಡುವುದು

ಹದಿನಾಲ್ಕು ವಾರವೂ ಗೆಡ್ಡೆಯನ್ನು ಒಣಗಿದ ಹಾಗೆಯೇ ಇಟ್ಟು ಆಮೇಲೆ ನೆಟ್ಟರೆ, ಬೇರು ಬಿಡುವ ಮೊದಲೇ ಸೆಕೆ ತಾಗಿ ಮೊಳಕೆ ಮೇಲೇಳುತ್ತದೆ. ಬೇರಿಲ್ಲದ ಗಿಡ ನೀರೆಳೆಯಲಾರದೆ ಮೊಗ್ಗನ್ನು ಒಣಗಿಸುತ್ತದೆ. ಆದ್ದರಿಂದ ನಮ್ಮ ಹವೆಗೆ ಹೊಂದುವ ಕ್ರಮವೆಂದರೆ, ಟುಲಿಪ್ ಅನ್ನು ಹತ್ತು ವಾರ ಒಣಗಿದಂತೆ ಇಟ್ಟು, ಕೊನೆಯ ನಾಲ್ಕು ವಾರ ಕುಂಡದಲ್ಲಿ ನೆಟ್ಟು ಕುಂಡಸಮೇತ ಫ್ರಿಜ್ಜಿನಲ್ಲಿಡುವುದು. ಹಯಸಿಂತ್‌ಗೆ ಎಂಟು ವಾರ ಒಣದು, ನಾಲ್ಕು ವಾರ ಕುಂಡ. ಡ್ಯಾಫೋಡಿಲ್ ಬೇರು ಬಿಡಲು ಹೆಚ್ಚು ಸಮಯ ತೆಗೆದುಕೊಳ್ಳುವುದರಿಂದ ಅದನ್ನು ಮೊದಲ ದಿನವೇ ಸಣ್ಣ ಕುಂಡದಲ್ಲಿ ನೆಟ್ಟು ಇಡುವುದು ಉತ್ತಮ. ಜಾಗದ ಮಟ್ಟಿಗೆ ಇದು ಎಲ್ಲರಿಗೂ ಸಾಧ್ಯವಾಗಲಿಕ್ಕಿಲ್ಲ. ಫ್ರಿಜ್ಜು ಚಿಕ್ಕದಿದ್ದರೆ ಡ್ಯಾಫೋಡಿಲ್ ಬಿಟ್ಟು ಟುಲಿಪ್ ಮತ್ತು ಹಯಸಿಂತ್‌ಗಳಲ್ಲೇ ತೃಪ್ತಿಪಡಬೇಕು.

ತಳದಲ್ಲಿ ತೂತಿರುವ, ಐದಾರು ಇಂಚು ಅಗಲದ ಕುಂಡ ಸಾಕು. ಮಿಶ್ರಣಕ್ಕೆ ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಹೊಳೆಮರಳು, ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ. ಕರಾವಳಿಯ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವ ಸಾಧ್ಯತೆಯಿದೆ. ಬಟ್ಟೆಯಲ್ಲಿ ಕಟ್ಟಿ ಮೂರು ನೀರಿನಲ್ಲಿ ತೊಳೆದು ಹಿಂಡಿಯೇ ಬಳಸಬೇಕು. ಇದೇ ಕಾರಣಕ್ಕೆ ಸಮುದ್ರದ ದಂಡೆಯ ಮರಳು ಬೇಡ. ಹಸಿ ಸಗಣಿಯಾಗಲಿ ಹಟ್ಟಿಗೊಬ್ಬರವಾಗಲಿ ಬೇಡವೇ ಬೇಡ. ಗೆಡ್ಡೆಗೆ ಈ ಹಂತದಲ್ಲಿ ಗೊಬ್ಬರದ ಹಸಿವಿಲ್ಲ. ಹಸಿ ಗೊಬ್ಬರದಿಂದ ಕೊಳೆರೋಗ ಬರುತ್ತದೆ ಅಷ್ಟೆ.

ಕುಂಡದ ಮುಕ್ಕಾಲು ಭಾಗ ಮಿಶ್ರಣ ತುಂಬಿ, ಚೂಪು ತುದಿ ಮೇಲೆ ಬರುವಂತೆ ಗೆಡ್ಡೆಗಳನ್ನು ಒತ್ತೊತ್ತಾಗಿ, ಆದರೆ ಒಂದಕ್ಕೊಂದು ತಾಗದಂತೆ ಕೂರಿಸಬೇಕು. ಆರು ಇಂಚಿನ ಕುಂಡಕ್ಕೆ ಟುಲಿಪ್ ಐದಾರು, ಹಯಸಿಂತ್ ಮೂರು. ಗೆಡ್ಡೆಯನ್ನು ಮಣ್ಣಿಗೆ ತಿರುಚಿ ಒತ್ತಬಾರದು. ಒತ್ತಿದ ಮಣ್ಣು ಗಟ್ಟಿಯಾಗಿ ಬೇರುಗಳು ಕೆಳಗಿಳಿಯಲಾಗದೆ ಗೆಡ್ಡೆಯನ್ನೇ ಮೇಲಕ್ಕೆ ಎತ್ತುತ್ತವೆ. ಟುಲಿಪ್ ಗೆಡ್ಡೆಯನ್ನು ಗಮನಿಸಿದರೆ ಅದರ ಒಂದು ಬದಿ ಉಬ್ಬಿಯೂ ಇನ್ನೊಂದು ಬದಿ ಚಪ್ಪಟೆಯಾಗಿಯೂ ಇರುತ್ತದೆ. ಮೊದಲ ದೊಡ್ಡ ಎಲೆ ಏಳುವುದು ಚಪ್ಪಟೆ ಬದಿಯಿಂದ. ಆ ಬದಿ ಕುಂಡದ ಅಂಚಿಗೆ ಮುಖ ಮಾಡಿರುವಂತೆ ಎಲ್ಲವನ್ನೂ ತಿರುಗಿಸಿಟ್ಟರೆ, ಎಲೆಗಳೆಲ್ಲ ಹೊರಕ್ಕೆ ಬಾಗಿ ಹೂದಂಟುಗಳು ನಡುವೆ ಗುಂಪಾಗಿ ನಿಲ್ಲುತ್ತವೆ. ಎಲ್ಲ ಗೆಡ್ಡೆಗಳ ಮೂಗು ಮಾತ್ರ ಮೇಲೆ ಕಾಣುವಂತೆ ಮಿಶ್ರಣ ಹಾಕಿ, ಒಮ್ಮೆ ಪೂರ್ತಿ ನೀರುಣಿಸಿ, ಬಸಿದ ಮೇಲೆ ಫ್ರಿಜ್ಜಿಗೆ ಸೇರಿಸಿ. ಒಳಗಿನ ಒಣ ಗಾಳಿಗೆ ಮಣ್ಣು ಆರದಂತೆ ಕುಂಡದ ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಹೊದಿಕೆ ಹಾಕಿ, ವಾರಕ್ಕೊಮ್ಮೆ ಮುಟ್ಟಿ ನೋಡಿ.

ಹಯಸಿಂತ್ ಗೆಡ್ಡೆಗಳನ್ನು ಮುಟ್ಟುವಾಗ ಕೈಗವಸು ಬೇಕು. ಸುವರ್ಣಗೆಡ್ಡೆ, ಕೆಸುವಿನ ತುರಿಕೆಗೆ ಕಾರಣವಾಗುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇದರ ಸಿಪ್ಪೆಯಲ್ಲೂ ಇವೆ.

ಹೊರಗೆ ತೆಗೆದ ಮೇಲೆ

ಬೆಳೆಸುವವರ ಜಾಣ್ಮೆಗೆ ನಿಜವಾಗಿ ಕೆಲಸವಿರುವುದು ಈ ಮೂರು ವಾರಗಳಲ್ಲಿ. ಚಳಿಯ ವಾರಗಳು ಮುಗಿದಿರಬೇಕು, ಕುಂಡದ ತಳದ ತೂತಿನಲ್ಲಿ ಬಿಳಿ ಬೇರು ಇಣುಕಿರಬೇಕು, ಮೊಳಕೆ ಎರಡು ಮೂರು ಸೆಂಟಿಮೀಟರಾದರೂ ಎದ್ದಿರಬೇಕು. ಈ ಮೂರೂ ಕೂಡಿಬಂದಾಗ ಕುಂಡವನ್ನು ಹೊರಗೆ ತೆಗೆಯಿರಿ. ನೇರವಾಗಿ ಬಿಸಿಲಿಗೆ ಇಡಬಾರದು. ಮೊದಲ ನಾಲ್ಕೈದು ದಿನ ಮನೆಯ ಅತ್ಯಂತ ತಣ್ಣನೆಯ, ಮಬ್ಬು ಬೆಳಕಿನ ಮೂಲೆಯಲ್ಲಿ, ನೆಲದ ಮೇಲೆಯೇ ಇಡಿ. ಹಳದಿ ಬಿಳುಪಾಗಿದ್ದ ಮೊಳಕೆ ಹಸಿರಾದ ಮೇಲೆ ಪೂರ್ವದ ಅಥವಾ ಉತ್ತರದ ಕಿಟಕಿಯ ಬಳಿ ಇಡಬಹುದು. ಬೆಳಗಿನ ಎಳೆಬಿಸಿಲು ಬಿದ್ದು ಒಂಬತ್ತರ ನಂತರ ನೆರಳಾಗುವ ಕಿಟಕಿಯೇ ಶ್ರೇಷ್ಠ. ಪಶ್ಚಿಮದ ಕಿಟಕಿಯ ಮಧ್ಯಾಹ್ನದ ಬಿಸಿಲು ಒಂದೇ ದಿನದಲ್ಲಿ ಮೊಗ್ಗನ್ನು ಬೇಯಿಸುತ್ತದೆ.

ಈ ಗಿಡಗಳಿಗೆ ಹಿತವಾದದ್ದು 15ರಿಂದ 18 ಡಿಗ್ರಿ. ಶಿರಸಿಯ ಜನವರಿ ಕೊನೆಯ ರಾತ್ರಿಗಳು ಇದಕ್ಕೆ ಹತ್ತಿರ ಬರುತ್ತವೆ, ಹಗಲು ಬರುವುದಿಲ್ಲ. ಆದ್ದರಿಂದ ಸಂಜೆ ಕತ್ತಲಾದ ಮೇಲೆ ಕುಂಡಗಳನ್ನು ಹೊರಗಿನ ಜಗಲಿಗೆ ತಂದು, ಬೆಳಗ್ಗೆ ಬಿಸಿಲೇರುವ ಮೊದಲು ಒಳಗಿನ ತಣ್ಣನೆಯ ಕೋಣೆಗೆ ಸೇರಿಸುವ ಶ್ರಮ ಪಟ್ಟರೆ ದಂಟು ಗಟ್ಟಿಯಾಗಿ, ಹೂವು ದೊಡ್ಡದಾಗಿ ಬರುತ್ತದೆ. ಇಲಿ, ಹೆಗ್ಗಣಗಳಿಗೆ ಟುಲಿಪ್ ಗೆಡ್ಡೆ ಬಹಳ ಪ್ರಿಯ. ಜಗಲಿಯಲ್ಲಿಡುವಾಗ ಮೇಲೆ ತಂತಿಬಲೆಯ ಬುಟ್ಟಿ ಕವುಚಬೇಕು. ಹಗಲಿನ ಸೆಕೆಗೆ ಒಂದು ಉಪಾಯವಿದೆ. ಕುಂಡವನ್ನು ಅದಕ್ಕಿಂತ ದೊಡ್ಡದಾದ, ಮೆರುಗು ಹಚ್ಚದ ಮಣ್ಣಿನ ಕುಂಡದೊಳಗೆ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ ಆ ಮರಳನ್ನು ಸದಾ ಒದ್ದೆಯಾಗಿಡಿ. ನೀರು ಆವಿಯಾಗುತ್ತ ಬೇರಿನ ಸುತ್ತ ತಂಪು ಉಳಿಯುತ್ತದೆ. ಘಟ್ಟದ ಮೇಲಿನ ಮಾಗಿಯ ಒಣ ಮಧ್ಯಾಹ್ನಗಳಲ್ಲಿ ಇದು ಚೆನ್ನಾಗಿ ಫಲಿಸುತ್ತದೆ, ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗಿ ಇಲ್ಲ. ಕಾರವಾರದವರು ಹವಾನಿಯಂತ್ರಿತ ಕೋಣೆಯಲ್ಲಿ, ಗಾಳಿ ನೇರವಾಗಿ ಬಡಿಯದ ಕಡೆ, ಬೆಳಕಿನ ಹತ್ತಿರ ಇಡಬೇಕು. ಮೊಗ್ಗಿಗೆ ಬಣ್ಣ ಬಂದ ಮೇಲೆ ರಾತ್ರಿ ಮಾತ್ರ ಫ್ರಿಜ್ಜಿನಲ್ಲಿಟ್ಟು ಹಗಲು ಹೊರಗಿಡುವುದರಿಂದ ಹೂವಿನ ಆಯುಷ್ಯ ಹೆಚ್ಚುತ್ತದೆ.

ಎಥಿಲೀನ್‌ನ ಭಯ ಫ್ರಿಜ್ಜಿನ ಬಾಗಿಲಿಗೆ ಮುಗಿಯುವುದಿಲ್ಲ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವ ಪದ್ಧತಿ ನಮಗೆಲ್ಲ ಗೊತ್ತು. ಆ ಹೊಗೆಯಲ್ಲಿರುವುದೂ ಇದೇ ಅನಿಲ. ಅಡಿಕೆ ಬೇಯಿಸುವ ಒಲೆ, ಬಚ್ಚಲ ಒಲೆಗಳ ಹೊಗೆ ಸುಳಿಯುವ ಕಡೆ, ಗೊನೆ ತೂಗುಹಾಕಿದ ಕೋಣೆಯಲ್ಲಿ ಈ ಕುಂಡಗಳು ಇರಬಾರದು.

ನೀರಿನ ವಿಷಯದಲ್ಲಿ ಮೇಲ್ಮಣ್ಣು ಬೆರಳಿಗೆ ಒಣ ಎನಿಸಿದ ಕೂಡಲೇ ಕೊಡಬೇಕು. ಟುಲಿಪ್ ದಂಟು ಏಳುವಾಗ ದಿನವೂ ಬೇಕಾಗಬಹುದು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಎಲೆಗಳ ನಡುವಿನ ಮೊಗ್ಗಿಗೆ ನೀರು ಬೀಳದಂತೆ ಬದಿಯಿಂದ ಹಾಕಿ. ಹಯಸಿಂತ್‌ನ ಹೂಗೊಂಚಲು ಎಲೆಗಳ ಬುಡದಲ್ಲೇ ಬಣ್ಣ ತಳೆಯತೊಡಗಿದರೆ, ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ ಮೂರು ನಾಲ್ಕು ದಿನ ಅದರ ಮೇಲೆ ಕವುಚಿಡಿ. ಕತ್ತಲಿನಲ್ಲಿ ದಂಟು ಮೇಲೇಳುತ್ತದೆ.

ನೀರಿನಲ್ಲೇ ಬೆಳೆಸಬಹುದಾದವು

ಹಯಸಿಂತ್ ಮತ್ತು ಪೇಪರ್‌ವೈಟ್‌ಗಳಿಗೆ ಮಣ್ಣೂ ಬೇಕಿಲ್ಲ. ಕತ್ತು ಕಿರಿದಾದ ಗಾಜಿನ ಪಾತ್ರೆಯ ಬಾಯಿಯ ಮೇಲೆ ಚಳಿ ಮುಗಿದ ಹಯಸಿಂತ್ ಗೆಡ್ಡೆಯನ್ನು ಕೂರಿಸಿ, ನೀರಿನ ಮಟ್ಟ ಗೆಡ್ಡೆಯ ಬುಡಕ್ಕಿಂತ ಒಂದು ಕೂದಲೆಳೆ ಕೆಳಗಿರುವಂತೆ ನೋಡಿಕೊಳ್ಳಬೇಕು. ತೇವವನ್ನು ಅರಸಿ ಬೇರುಗಳು ಇಳಿಯುತ್ತವೆ. ನೀರು ತಾಗಿಯೇ ಇದ್ದರೆ ಬುಡ ಕೊಳೆಯುತ್ತದೆ. ಬೇರು ಒಂದು ಬೆರಳುದ್ದ ಆಗುವ ತನಕ ಕತ್ತಲೆಯ ತಂಪು ಜಾಗದಲ್ಲಿಟ್ಟು, ವಾರಕ್ಕೊಮ್ಮೆ ನೀರು ಬದಲಿಸಿ.

ಪೇಪರ್‌ವೈಟ್‌ಗೆ ಅಗಲವಾದ ಬೋಗುಣಿಯಲ್ಲಿ ಹೊಳೆಯ ನುಣುಪು ಕಲ್ಲುಗಳನ್ನು ತುಂಬಿ, ಗೆಡ್ಡೆಗಳನ್ನು ಕಲ್ಲುಗಳ ನಡುವೆ ಅರ್ಧ ಹೂತು, ಬುಡಕ್ಕೆ ತಾಗುವಷ್ಟು ಮಾತ್ರ ನೀರು ಹಾಕಿದರೆ ಸಾಕು. ಇದರ ಕಂಪು ಇಡೀ ಮನೆಯನ್ನು ತುಂಬುತ್ತದೆ. ಸೆಕೆಯಲ್ಲಿ ಇದರ ದಂಟು ವಿಪರೀತ ಉದ್ದವಾಗಿ ಅಡ್ಡಬೀಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ಪರಿಹಾರ ಕಂಡುಹಿಡಿದಿದ್ದಾರೆ. ಮೊಳಕೆ ಎರಡು ಇಂಚು ಎದ್ದಾಗ ಪಾತ್ರೆಯ ನೀರು ಚೆಲ್ಲಿ, ಅದರ ಬದಲು ಶೇಕಡಾ 4ರಿಂದ 6ರಷ್ಟು ಆಲ್ಕೋಹಾಲ್ ಇರುವ ನೀರನ್ನು ಹಾಕಿದರೆ ದಂಟಿನ ಎತ್ತರ ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ, ಹೂವಿನ ಗಾತ್ರ ತಗ್ಗುವುದಿಲ್ಲ. ಶೇಕಡಾ 40ರ ಮದ್ಯವಾದರೆ ಒಂದು ಪಾಲಿಗೆ ಏಳು ಪಾಲು ನೀರು. ಸಕ್ಕರೆಯಂಶವಿರುವ ವೈನ್, ಬಿಯರ್ ಬಳಸಿದರೆ ಬೇರು ಕೊಳೆಯುತ್ತದೆ. ಮನೆಯೊಳಗೆ ಮದ್ಯ ತರಲು ಒಪ್ಪದವರು ದಂಟುಗಳನ್ನು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದರೂ ಆಗುತ್ತದೆ.

ಅಮರಿಲ್ಲಿಸ್, ವರ್ಷ ವರ್ಷವೂ

ಉತ್ತರ ಕನ್ನಡದವರು ಒಂದೇ ಗೆಡ್ಡೆ ಕೊಳ್ಳುವುದಾದರೆ ಅದು ಅಮರಿಲ್ಲಿಸ್ ಆಗಿರಲಿ ಎಂದು ನಾನು ಹೇಳುತ್ತೇನೆ. ಇದಕ್ಕೆ ಬೇಕಾದದ್ದು ಚಳಿಯಲ್ಲ, ಒಣ ವಿಶ್ರಾಂತಿ. ಗೆಡ್ಡೆಗಿಂತ ಸುತ್ತಲೂ ಒಂದು ಇಂಚು ಮಾತ್ರ ದೊಡ್ಡದಾದ, ಭಾರವಾದ ಕುಂಡದಲ್ಲಿ, ಗೆಡ್ಡೆಯ ಮೇಲಿನ ಅರ್ಧ ಭಾಗ ಹೊರಗಿರುವಂತೆ ನೆಡಬೇಕು. ಮೊದಲು ಒಮ್ಮೆ ನೀರು ಹಾಕಿ, ಮೊಳಕೆ ಕಾಣುವ ತನಕ ಮಣ್ಣು ಬರೀ ತೇವವಾಗಿದ್ದರೆ ಸಾಕು. ಮೊಳಕೆ ಎದ್ದ ಮೇಲೆ ಬೆಳಕು ಮತ್ತು ನೀರು ಎರಡನ್ನೂ ಹೆಚ್ಚಿಸಿ, ದಂಟು ಬೆಳಕಿನ ಕಡೆ ಬಾಗುವುದರಿಂದ ದಿನಕ್ಕೊಮ್ಮೆ ಕುಂಡ ತಿರುಗಿಸಿ. ಆರರಿಂದ ಎಂಟು ವಾರಗಳಲ್ಲಿ ಹೂ ಬರುತ್ತದೆ. ಒಳ್ಳೆಯ ಗೆಡ್ಡೆ ಎರಡು ದಂಟು ಕೊಡುತ್ತದೆ.

ಎಲೆ, ದಂಟುಗಳ ಮೇಲೆ ಕೆಂಪು ಗೆರೆ, ಕಲೆಗಳು ಕಂಡರೆ ಅದು ಶಿಲೀಂಧ್ರ ರೋಗ. ಕಲೆ ಬಿದ್ದ ಭಾಗವನ್ನು ಕತ್ತರಿಸಿ ಸುಟ್ಟು, ಗೆಡ್ಡೆಯ ಮೂತಿಗೆ ನೀರು ಬೀಳದಂತೆ ನೋಡಿಕೊಳ್ಳಬೇಕು.

ಹೂ ಬರದಿದ್ದರೆ

ಎಲೆ ಚೆನ್ನಾಗಿ ಬಂದು ದಂಟು ಕುಳ್ಳಗಿದ್ದರೆ ಚಳಿ ಸಾಲದು ಎಂದರ್ಥ. ಮೊಗ್ಗು ಕಾಣಿಸಿಕೊಂಡು ಒಣಗಿದ್ದರೆ ಹಣ್ಣಿನ ಅನಿಲ, ಅತಿಸೆಕೆ ಅಥವಾ ಬೇರಿಗೆ ನೀರು ತಪ್ಪಿದ್ದು, ಈ ಮೂರರಲ್ಲೊಂದು ಕಾರಣ. ಕುಂಡ ಬೋರಲು ಹಾಕಿ ಬೇರು ನೋಡಿದರೆ ಮೂರನೆಯದು ಹೌದೋ ಅಲ್ಲವೋ ತಿಳಿಯುತ್ತದೆ. ಎಲೆಯ ಮೇಲೆ ಬೂದು ಬಣ್ಣದ ಬೂಷ್ಟು ಬಂದರೆ ಗಾಳಿಯಾಡುವ ಜಾಗಕ್ಕೆ ಸರಿಸಿ. ಮೊಗ್ಗಿಗೆ ಹೇನು ಮುತ್ತಿದರೆ ಬರೀ ನೀರಿನ ಸಿಂಪಡಣೆಯಿಂದ ತೊಳೆದುಹೋಗುತ್ತದೆ.

ಹೂ ಮುಗಿದ ಮೇಲೆ

ಟುಲಿಪ್ ಮತ್ತು ಹಯಸಿಂತ್ ನಮ್ಮ ಹವೆಯಲ್ಲಿ ಮರುವರ್ಷಕ್ಕೆ ಉಳಿಯುವುದಿಲ್ಲ. ಹೂ ಬಿಟ್ಟು ಆಹಾರ ಬರಿದಾದ ಗೆಡ್ಡೆ ಮತ್ತೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ತಂಪಾದ ವಸಂತ ಬೇಕು. ನಮ್ಮಲ್ಲಿ ಆಗ ಬೇಸಿಗೆ ಬಂದಿರುತ್ತದೆ. ಅವನ್ನು ಗೊಬ್ಬರದ ಗುಂಡಿಗೆ ಹಾಕಿ, ಆದರೆ ದನಕರುಗಳ ಬಾಯಿಗೆ ಸಿಗುವ ಕಡೆ ಎಸೆಯಬೇಡಿ. ಈ ಎಲ್ಲ ಗೆಡ್ಡೆಗಳೂ ದನ, ನಾಯಿ, ಬೆಕ್ಕುಗಳಿಗೆ ವಿಷ.

ಅಮರಿಲ್ಲಿಸ್ ಬೇರೆ ಜಾತಿ. ಬಾಡಿದ ಹೂದಂಟನ್ನು ಬುಡದಲ್ಲಿ ಕತ್ತರಿಸಿ, ಎಲೆಗಳನ್ನು ಉಳಿಸಿ, ಎಳೆಬಿಸಿಲಿನಲ್ಲಿಟ್ಟು ಮೇ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ ತೆಳುವಾದ ಗೊಬ್ಬರದ ನೀರು ಕೊಡಬೇಕು. ಮಳೆಗಾಲ ಹಿಡಿಯುವ ಮೊದಲೇ ಕುಂಡವನ್ನು ಸೂರಿನಡಿ, ಬೆಳಕು ಬೀಳುವ ಆದರೆ ಇರಚಲು ತಾಗದ ಕಡೆಗೆ ಸರಿಸಿ. ನವರಾತ್ರಿಯ ಹೊತ್ತಿಗೆ ನೀರು ನಿಲ್ಲಿಸಿ, ಎಲೆಗಳು ಹಳದಿಯಾಗಿ ತಾವಾಗಿ ಒಣಗಿದ ಮೇಲೆ ಕಿತ್ತು, ಕುಂಡವನ್ನು ಒಣ ನೆರಳಿನಲ್ಲಿ ಎಂಟು ಹತ್ತು ವಾರ ಹಾಗೆಯೇ ಬಿಡಿ. ಧನುರ್ಮಾಸದ ಕೊನೆಯಲ್ಲಿ ಮೇಲಿನ ಒಂದಿಂಚು ಮಣ್ಣು ತೆಗೆದು ಹೊಸ ಎರೆಗೊಬ್ಬರ ತುಂಬಿ, ಮತ್ತೆ ಒಂದು ತಂಬಿಗೆ ನೀರು ಹಾಕಿ ಬೆಳಕಿಗಿಡಿ.